ಒಂದೇ ಸೇಡು, ಎರಡು ಸಿನಿಮಾ

ಅಮೆರಿಕದ ಪಸಡೀನಾ ಊರಿನ ಒಂದು ಮನೆ. ನಡುಮನೆಯಲ್ಲಿ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಕೊಂದೇ ತೀರುವಂತೆ ಹೊಡೆದಾಡುತ್ತಿದ್ದಾರೆ. ಗಾಜಿನ ಟೀಪಾಯಿ ಪುಡಿಯಾಗಿದೆ, ಸಾಮಾನೆಲ್ಲ ಚೆಲ್ಲಾಪಿಲ್ಲಿ, ಇಬ್ಬರ ಕೈಯಲ್ಲೂ ಚಾಕು. ಅವರಿಬ್ಬರ ನಡುವೆ ಕಾಣುವ ಕಿಟಕಿಯಾಚೆ ಹಳದಿ ಬಣ್ಣದ ಸ್ಕೂಲ್ ಬಸ್ಸೊಂದು ಬಂದು ನಿಲ್ಲುತ್ತದೆ. ಪುಟ್ಟ ಹುಡುಗಿಯೊಬ್ಬಳು ಇಳಿದು ಮನೆಯತ್ತ ನಡೆದು ಬರುತ್ತಾಳೆ. ಮನೆಯೊಡತಿ ಎದುರಾಳಿಯನ್ನು ನೋಡಿ ಕಣ್ಣಲ್ಲೇ ಬೇಡಿಕೊಳ್ಳುತ್ತಾಳೆ, ಈಗ ಬೇಡ ಎಂದು. ಬಾಗಿಲು ತೆರೆಯುವಷ್ಟರಲ್ಲಿ ಎರಡೂ ಚಾಕು ಬೆನ್ನ ಹಿಂದೆ ಸರಿದಿರುತ್ತವೆ. ಏದುಸಿರು ಬಿಡುತ್ತಿರುವ ಆ ಇಬ್ಬರೂ ಮಗುವಿನ ಮುಂದೆ ಹಳೆಯ ಗೆಳತಿಯರ ಹಾಗೆ ನಿಲ್ಲುತ್ತಾರೆ.

ಕ್ವೆಂಟಿನ್ ಟ್ಯಾರಂಟಿನೊ ಅವರ ‘ಕಿಲ್ ಬಿಲ್’ ಶುರುವಾಗುವುದೇ ಹೆಚ್ಚುಕಡಿಮೆ ಈ ದೃಶ್ಯದಿಂದ. ಸಂಕಲನ ನನ್ನ ಕಸುಬು. ಫೈಟ್ ಸೀನುಗಳನ್ನು ಕತ್ತರಿಸಿ ಜೋಡಿಸುವುದರಲ್ಲಿ ನನ್ನ ಎಷ್ಟೋ ರಾತ್ರಿಗಳು ಕಳೆದಿವೆ. ಹೊಡೆತಕ್ಕೆ ಬೆಲೆ ಬರುವುದು ಹೊಡೆತ ನಿಂತಾಗ ಎಂದು ನನಗೆ ಕಲಿಸಿಕೊಟ್ಟ ಕೆಲವೇ ಸಿನಿಮಾಗಳಲ್ಲಿ ಇದೂ ಒಂದು. ರಕ್ತದ ಕೋಡಿ ಹರಿಸಿದ ಸಿನಿಮಾ ಎಂದಷ್ಟೇ ಇದರ ಹೆಸರು ಕೇಳಿ ದೂರ ಉಳಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕತೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವಂಥದ್ದು. ಹಂತಕರ ಗುಂಪೊಂದರಲ್ಲಿದ್ದ ಒಬ್ಬಳು ಬಸುರಿಯಾದ ಮೇಲೆ ಆ ಬದುಕನ್ನೇ ಬಿಟ್ಟು, ಟೆಕ್ಸಸ್‌ನ ಎಲ್ ಪಾಸೊ ಊರಿನಲ್ಲಿ ಸಾಮಾನ್ಯನೊಬ್ಬನನ್ನು ಮದುವೆಯಾಗಲು ಹೊರಡುತ್ತಾಳೆ. ಮದುವೆಯ ತಾಲೀಮು ನಡೆಯುವಾಗ ಗುಂಪಿನ ಯಜಮಾನ ಬಿಲ್ ತನ್ನವರೊಂದಿಗೆ ಬಂದು ಅಲ್ಲಿದ್ದವರನ್ನೆಲ್ಲ ಕೊಲ್ಲಿಸುತ್ತಾನೆ. ಅವಳ ತಲೆಗೆ ತಾನೇ ಗುಂಡಿಕ್ಕುತ್ತಾನೆ. ನಾಲ್ಕು ವರ್ಷ ಕೋಮಾದಲ್ಲಿದ್ದು ಎದ್ದಾಗ ಹೊಟ್ಟೆಯಲ್ಲಿದ್ದ ಮಗು ಇಲ್ಲ. ಅವಳು ಐದು ಹೆಸರು ಬರೆದಿಟ್ಟುಕೊಂಡು ಒಬ್ಬೊಬ್ಬರನ್ನೇ ಹುಡುಕಿ ಹೊರಡುತ್ತಾಳೆ. ಕೊನೆಯ ಹೆಸರು ಬಿಲ್.

ಈ ವಧುವಿನ ಪಾತ್ರ ಹುಟ್ಟಿದ್ದು 1994ರ ‘ಪಲ್ಪ್ ಫಿಕ್ಷನ್’ ಚಿತ್ರೀಕರಣದ ಹೊತ್ತಿನಲ್ಲಿ, ಟ್ಯಾರಂಟಿನೊ ಮತ್ತು ನಟಿ ಉಮಾ ಥರ್ಮನ್ ಆಡಿಕೊಂಡ ಮಾತುಗಳಲ್ಲಿ. ಅದಕ್ಕೇ ಪಾತ್ರದ ಸೃಷ್ಟಿಕರ್ತರೆಂದು ಇಬ್ಬರ ಹೆಸರಿನ ಮೊದಲಕ್ಷರಗಳನ್ನೂ ಸಿನಿಮಾದ ಟೈಟಲ್ಲಿನಲ್ಲಿ ಹಾಕಿದ್ದಾರೆ. ಎಲ್ಲ ತಯಾರಿ ಆಗುತ್ತಿದ್ದಾಗ ಥರ್ಮನ್ ಬಸುರಿಯಾದರು. ಬೇರೆ ನಟಿಯನ್ನು ಹುಡುಕುವ ಬದಲು ಟ್ಯಾರಂಟಿನೊ ಚಿತ್ರೀಕರಣವನ್ನೇ ಮುಂದೂಡಿದರು. ತಾಯ್ತನದ ಸುತ್ತ ಸುತ್ತುವ ಈ ಕತೆಗೆ ಆ ಕಾಯುವಿಕೆ ಒಳ್ಳೆಯದನ್ನೇ ಮಾಡಿದೆ ಎಂದು ನನಗನಿಸುತ್ತದೆ.

ಬರೆದದ್ದು ಒಂದೇ ಸಿನಿಮಾ. ಚಿತ್ರೀಕರಣ ಮುಗಿದು ಸಂಕಲನದ ಮೇಜಿಗೆ ಬಂದಾಗ ಅದು ನಾಲ್ಕು ಗಂಟೆಯ ಆಚೆಗೆ ಬೆಳೆದಿತ್ತು. ಕತ್ತರಿಸಿ ಚಿಕ್ಕದು ಮಾಡುವುದೋ, ಒಡೆದು ಎರಡು ಮಾಡುವುದೋ ಎಂಬ ಪ್ರಶ್ನೆ ಎದ್ದು, ಎರಡು ಮಾಡುವುದೆಂದು ತೀರ್ಮಾನವಾಯಿತು. ಮೊದಲ ಭಾಗ 2003ರ ಅಕ್ಟೋಬರ್ 10ರಂದು, ಎರಡನೆಯದು 2004ರ ಏಪ್ರಿಲ್ 16ರಂದು ಅಮೆರಿಕದಲ್ಲಿ ತೆರೆ ಕಂಡವು. ಒಂದು 111 ನಿಮಿಷ, ಇನ್ನೊಂದು 137 ನಿಮಿಷ. 2018 ಮತ್ತು 2022ರಲ್ಲಿ ‘ಕೆಜಿಎಫ್’ ಎರಡು ಭಾಗವಾಗಿ ಬಂದ ಮೇಲೆ ನಮ್ಮ ಪ್ರೇಕ್ಷಕರಿಗೆ ಇಂಥ ಕಾಯುವಿಕೆ ಹೊಸದಲ್ಲ. ಆದರೆ ‘ಕಿಲ್ ಬಿಲ್’ನಲ್ಲಿ ಎರಡನೇ ಭಾಗ ಮೊದಲನೆಯದರ ಮುಂದುವರಿಕೆ ಮಾತ್ರ ಆಗಿ ಉಳಿಯಲಿಲ್ಲ. ಒಂದೇ ಕತೆ ಎರಡು ಬೇರೆ ಸ್ವಭಾವದ ಸಿನಿಮಾ ಆಯಿತು. ಮೊದಲನೆಯದು ಜಪಾನಿನ ಕತ್ತಿವರಸೆಯ ಸಿನಿಮಾದ ಮಗಳು. ಎರಡನೆಯದಕ್ಕೆ ಇಟಲಿಯಲ್ಲಿ ತಯಾರಾಗುತ್ತಿದ್ದ ಕೌಬಾಯ್ ಸಿನಿಮಾಗಳ ಬಿಸಿಲು, ಧೂಳು, ಬೇಕಾದಷ್ಟು ಮಾತು.

ಕತೆ ನೇರವಾಗಿಯೂ ಸಾಗುವುದಿಲ್ಲ. ಹತ್ತು ಅಧ್ಯಾಯಗಳಿವೆ, ಅವು ಹಿಂದುಮುಂದಾಗಿ ಬರುತ್ತವೆ. ಪಸಡೀನಾದ ಹೊಡೆದಾಟವನ್ನು ನಾವು ಮೊದಲು ನೋಡುತ್ತೇವೆ. ಆದರೆ ವಧು ಕಾರಿನಲ್ಲಿ ಕೂತು ಪಟ್ಟಿ ತೆಗೆದಾಗ ಮೊದಲ ಹೆಸರು, ಓ-ರೆನ್ ಎಂಬವಳದು, ಆಗಲೇ ಗೀಟು ಹಾಕಿಸಿಕೊಂಡಿರುತ್ತದೆ. ಟೋಕಿಯೋದಲ್ಲಿ ಓ-ರೆನ್ ಸತ್ತಿದ್ದಾಳೆ ಎಂದು ಗೊತ್ತಿದ್ದೇ ನಾವು ಮುಂದಿನ ಒಂದೂವರೆ ಗಂಟೆ ಅವಳ ಸಾವಿಗೆ ಕಾಯುತ್ತೇವೆ. ಕನ್ನಡ ಓದಿದವರಿಗೆ ಈ ಕ್ರಮ ಅಪರಿಚಿತವೇನಲ್ಲ. ಭೀಮ ದುರ್ಯೋಧನರ ಕೊನೆಯ ಕಾಳಗವನ್ನು ಮುಂದಿಟ್ಟುಕೊಂಡು, ಅಲ್ಲಿಂದ ಇಡೀ ಭಾರತವನ್ನು ಸಿಂಹಾವಲೋಕನ ಕ್ರಮದಲ್ಲಿ ಹಿಂತಿರುಗಿ ನೋಡಿದ ರನ್ನ ಸಾವಿರ ವರ್ಷದ ಹಿಂದೆಯೇ ನಮ್ಮಲ್ಲಿದ್ದಾನೆ. ‘ಗದಾಯುದ್ಧ’ವೂ ಸೇಡಿನ ಕತೆ. ಏನಾಗುತ್ತದೆ ಎನ್ನುವುದು ಓದುಗನಿಗೆ ಮೊದಲೇ ಗೊತ್ತು. ಗೊತ್ತಿದ್ದೂ ಓದುತ್ತೇವೆ, ಯಾಕೆಂದರೆ ಸಾಯಬೇಕಾದವನ ಮೇಲೆ ಕವಿ ನಿಧಾನವಾಗಿ ನಮ್ಮಲ್ಲಿ ಮರುಕ ಹುಟ್ಟಿಸುತ್ತಾನೆ. ‘ಕಿಲ್ ಬಿಲ್’ನ ಎರಡನೇ ಭಾಗ ಬಿಲ್‌ನ ವಿಷಯದಲ್ಲಿ ಮಾಡುವುದೂ ಇದನ್ನೇ.

ಈ ಸಿನಿಮಾ ತನ್ನ ಸಾಲವನ್ನು ಮುಚ್ಚಿಡುವುದಿಲ್ಲ. ಮೊದಲಿಗೇ ಹಾಂಗ್‌ಕಾಂಗಿನ ಶಾ ಬ್ರದರ್ಸ್ ಸ್ಟುಡಿಯೊದ ಹಳೆಯ ಲಾಂಛನ ತೆರೆಯ ಮೇಲೆ ಬರುತ್ತದೆ. 1970ರ ದಶಕದಲ್ಲಿ ಕುಂಗ್ ಫೂ ಸಿನಿಮಾಗಳನ್ನು ಒಂದರ ಹಿಂದೊಂದು ತಯಾರಿಸುತ್ತಿದ್ದ ಸಂಸ್ಥೆ ಅದು. 1973ರ ಜಪಾನೀ ಸಿನಿಮಾ ‘ಲೇಡಿ ಸ್ನೋಬ್ಲಡ್’ನಿಂದ ಅಧ್ಯಾಯಗಳು ಬಂದವು, ಹಿಮದಲ್ಲಿ ನಡೆಯುವ ಕತ್ತಿಕಾಳಗ ಬಂತು, ಅದರ ನಾಯಕಿ ಮೇಕೊ ಕಾಜಿ ಹಾಡಿದ ಹಾಡೂ ಬಂತು. ಕಪ್ಪು ಗೆರೆಯ ಹಳದಿ ಉಡುಪು ಬ್ರೂಸ್ ಲೀ ಅವರದು, ಅವರು ತೀರಿಕೊಂಡ ಮೇಲೆ 1978ರಲ್ಲಿ ತೆರೆಗೆ ಬಂದ ‘ಗೇಮ್ ಆಫ್ ಡೆತ್’ನದು. ಸಾಲ ತರುವುದು ತಪ್ಪಲ್ಲ. ಗಿರೀಶ ಕಾರ್ನಾಡರು 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ಮಾಡಿದಾಗ ಅಕಿರ ಕುರೊಸಾವಾ ಅವರ ಸಾಮುರಾಯ್ ಸಿನಿಮಾಗಳ ಋಣ ಅದರ ಮೇಲಿತ್ತು, ಶಂಕರ್ ನಾಗ್ ಎಂಬ ನಟ ನಮಗೆ ಸಿಕ್ಕಿದ್ದೂ ಅದರಿಂದಲೇ. ತಂದದ್ದನ್ನು ಏನು ಮಾಡಿದರು ಎನ್ನುವುದನ್ನು ಕೇಳಬೇಕು.

ಟ್ಯಾರಂಟಿನೊ ಮಾಡಿದ್ದು ಪಾತ್ರಧಾರಿಗಳ ಆಯ್ಕೆಯಲ್ಲಿ ಚೆನ್ನಾಗಿ ಕಾಣುತ್ತದೆ. ಶಾ ಬ್ರದರ್ಸ್ ಸಿನಿಮಾಗಳಲ್ಲಿ ಪೈ ಮೇ ಎಂಬ ಬಿಳಿಹುಬ್ಬಿನ ಕ್ರೂರಿ ಗುರು ಖಳನಾಗಿ ಬರುತ್ತಿದ್ದ. 1977ರ ‘ಎಕ್ಸಿಕ್ಯೂಷನರ್ಸ್ ಫ್ರಮ್ ಶಾವೊಲಿನ್’ನಲ್ಲಿ ಅದನ್ನು ಮಾಡಿದ್ದವರು ಲೋ ಲೀಹ್. 1978ರ ‘36ತ್ ಚೇಂಬರ್ ಆಫ್ ಶಾವೊಲಿನ್’ನ ಭಿಕ್ಷುವಾಗಿ ಹೆಸರಾದ ಗಾರ್ಡನ್ ಲಿಯು ಆ ಕಾಲದಲ್ಲಿ ಇಂಥ ಗುರುಗಳ ಎದುರು ಪಕ್ಷದ ನಾಯಕ. ‘ಕಿಲ್ ಬಿಲ್’ನ ಎರಡನೇ ಭಾಗದಲ್ಲಿ ಅದೇ ಗಾರ್ಡನ್ ಲಿಯು ಬಿಳಿ ಗಡ್ಡ ಅಂಟಿಸಿಕೊಂಡು ಪೈ ಮೇ ಆಗಿ ಕೂತಿದ್ದಾರೆ. ಗಡ್ಡವನ್ನು ಅವರು ಕೈಯಿಂದ ಅತ್ತ ಹಾರಿಸುವ ರೀತಿ, ಕ್ಯಾಮೆರಾ ಗಕ್ಕನೆ ಮುಖಕ್ಕೆ ಜೂಮ್ ಹೋಗುವ ರೀತಿ, ಎಲ್ಲವೂ ಆ ಹಳೆಯ ಸಿನಿಮಾಗಳ ಪಾಠ. ಬಿಲ್ ಆದವರು ಡೇವಿಡ್ ಕ್ಯಾರಡೀನ್, 1972ರಲ್ಲಿ ಶುರುವಾದ ‘ಕುಂಗ್ ಫೂ’ ಟಿವಿ ಧಾರಾವಾಹಿಯ ನಾಯಕ. ಆ ಪಾತ್ರ ಬ್ರೂಸ್ ಲೀಗೆ ಸಿಗಬೇಕಿತ್ತು ಎಂಬ ಮಾತು ಇಂದಿಗೂ ನಿಂತಿಲ್ಲ. ಬ್ರೂಸ್ ಲೀಯ ಉಡುಪು ತೊಟ್ಟವಳು ಕ್ಯಾರಡೀನನನ್ನು ಹುಡುಕಿಕೊಂಡು ಬರುವುದರಲ್ಲಿ ಒಂದು ಹಳೆಯ ಲೆಕ್ಕ ಚುಕ್ತಾ ಆಗುತ್ತಿದೆ ಎಂದೇ ನಾನು ಓದಿಕೊಂಡಿದ್ದೇನೆ.

ಓ-ರೆನ್‌ಳ ಬಾಲ್ಯವನ್ನು ಸಿನಿಮಾ ನಟರಿಂದ ಹೇಳಿಸುವುದಿಲ್ಲ. ಇದ್ದಕ್ಕಿದ್ದಂತೆ ತೆರೆ ಜಪಾನೀ ಅನಿಮೇಷನ್ನಿಗೆ ಹೊರಳುತ್ತದೆ. ಮಂಚದ ಕೆಳಗೆ ಅಡಗಿದ ಹುಡುಗಿ ಅಪ್ಪ ಅಮ್ಮ ಸಾಯುವುದನ್ನು ನೋಡುತ್ತಾಳೆ. ಹಾಸಿಗೆಯಿಂದ ರಕ್ತ ಅವಳ ಮೇಲೆ ತೊಟ್ಟಿಕ್ಕುತ್ತದೆ. ಇದನ್ನು ಮಾಡಿದ್ದು ಜಪಾನಿನ ಪ್ರೊಡಕ್ಷನ್ ಐಜಿ ಸ್ಟುಡಿಯೊ. ಕಮಲ ಹಾಸನ್ ಅವರ 2001ರ ತಮಿಳು ಸಿನಿಮಾ ‘ಆಳವಂದಾನ್’ನಲ್ಲಿ ಹಿಂಸೆಯ ದೃಶ್ಯಗಳನ್ನು ಅನಿಮೇಷನ್ನಿಗೆ ತಿರುಗಿಸಿದ್ದು ತಮಗೆ ಪ್ರೇರಣೆಯಾಯಿತೆಂದು ಟ್ಯಾರಂಟಿನೊ ತಮ್ಮ ಬಳಿ ಒಪ್ಪಿಕೊಂಡರು ಎಂದು ನಿರ್ದೇಶಕ ಅನುರಾಗ್ ಕಶ್ಯಪ್ ಹೇಳಿದ್ದಾರೆ. ನಿಜವಾದ ಮಗುವನ್ನು ನಿಲ್ಲಿಸಿ ಅದನ್ನೆಲ್ಲ ಚಿತ್ರಿಸಿದ್ದರೆ ನೋಡಲು ನನ್ನಿಂದ ಆಗುತ್ತಿರಲಿಲ್ಲ. ರೇಖೆಗಳಲ್ಲಿ ಬಂದದ್ದರಿಂದ ನೋಡಿದೆ, ಮರೆಯಲಾಗಲಿಲ್ಲ.

ಇನ್ನು ಆ ರಕ್ತ. ಟೋಕಿಯೋದ ‘ಹೌಸ್ ಆಫ್ ಬ್ಲೂ ಲೀವ್ಸ್’ ಎಂಬ ಹೋಟೆಲಿನಲ್ಲಿ ವಧು ಒಬ್ಬಳೇ ಓ-ರೆನ್‌ಳ ಇಡೀ ಪಡೆಯನ್ನು ಎದುರಿಸುತ್ತಾಳೆ. ಹೋಟೆಲಿನ ಸೆಟ್ ಹಾಕಿದ್ದು ಬೀಜಿಂಗಿನ ಸ್ಟುಡಿಯೊದಲ್ಲಿ. ಈ ಒಂದು ಕಾಳಗಕ್ಕೇ ಸುಮಾರು 8 ವಾರ ಹಿಡಿಯಿತು. ಹೊಡೆದಾಟ ಸಂಯೋಜಿಸಿದವರು ಹಾಂಗ್‌ಕಾಂಗಿನ ಯುವೆನ್ ವೂ-ಪಿಂಗ್, ‘ಮೇಟ್ರಿಕ್ಸ್’ನ ಫೈಟ್ ಮಾಸ್ಟರ್. ನಟನಟಿಯರು ಮೂರು ತಿಂಗಳು ತಾಲೀಮು ಮಾಡಿದರು. ಕಂಪ್ಯೂಟರಿನಿಂದ ರಕ್ತ ಸೇರಿಸುವುದು ಬೇಡ, ಚೀನಾದ ಹಳೆಯ ಸಿನಿಮಾಗಳಲ್ಲಿ ಮಾಡುತ್ತಿದ್ದಂತೆ ಸೆಟ್ಟಿನಲ್ಲೇ ಆಗಲಿ ಎಂದು ಟ್ಯಾರಂಟಿನೊ ಹಟ ಹಿಡಿದರು. ಹಾಗಾಗಿ ಕಾಂಡೋಮುಗಳಲ್ಲಿ ಬಣ್ಣದ ನೀರು ತುಂಬಿ, ಏಟು ಬಿದ್ದಾಗ ಒಡೆಯುವಂತೆ ಮಾಡಿದರು. ನೂರಾರು ಗ್ಯಾಲನ್ ನಕಲಿ ರಕ್ತ ಖರ್ಚಾಯಿತು.

ಆದರೆ ಅದು ನಿಜವಾದ ರಕ್ತದ ಹಾಗೆ ಕಾಣುವುದೇ ಇಲ್ಲ. ಕೈ ಕತ್ತರಿಸಿದರೆ ಕಾರಂಜಿ ಚಿಮ್ಮುತ್ತದೆ. ಕುರೊಸಾವಾ ಅವರ 1962ರ ‘ಸಂಜುರೊ’ದ ಕೊನೆಯಲ್ಲಿ ಒಂದೇ ಏಟಿಗೆ ಹೀಗೆ ರಕ್ತ ಚಿಮ್ಮಿತ್ತು, ಆಮೇಲೆ ಜಪಾನಿನ ಕತ್ತಿಸಿನಿಮಾಗಳಲ್ಲಿ ಅದೇ ಒಂದು ಸಂಪ್ರದಾಯವಾಯಿತು. ಯಕ್ಷಗಾನದ ರಾಕ್ಷಸ ವೇಷ ಬೆಂಕಿ ಹಾರಿಸುತ್ತ ರಂಗಕ್ಕೆ ಬಂದಾಗ ಹೀಗೂ ಉಂಟೇ ಎಂದು ಯಾರೂ ಕೇಳುವುದಿಲ್ಲ, ಆ ಲೋಕದ ನಿಯಮವೇ ಹಾಗೆ. ಇಲ್ಲಿಯ ರಕ್ತವನ್ನೂ ಹಾಗೆ ನೋಡಬೇಕು. ಕಾಳಗದ ದೊಡ್ಡ ಭಾಗ ಅಮೆರಿಕದ ಪ್ರತಿಯಲ್ಲಿ ಕಪ್ಪುಬಿಳುಪಿಗೆ ತಿರುಗುತ್ತದೆ. ಸೆನ್ಸಾರಿನ ಕಣ್ಣಿಗೆ ಕೆಂಪು ಕಡಿಮೆ ಮಾಡಲು ಹಾಗೆ ಮಾಡಬೇಕಾಯಿತು. ಜಪಾನಿನ ಪ್ರತಿಯಲ್ಲಿ ಅದು ಬಣ್ಣದಲ್ಲೇ ಇದೆ. ನಾನು ಎರಡನ್ನೂ ನೋಡಿದ್ದೇನೆ. ಕಪ್ಪುಬಿಳುಪೇ ಮೇಲು. ಕೆಂಪು ಹೋದ ಕೂಡಲೇ ಕಣ್ಣು ಚಲನೆಯನ್ನು ಹಿಡಿಯುತ್ತದೆ, ಯಾರ ಕಾಲು ಎಲ್ಲಿ ಊರಿತು, ಕತ್ತಿ ಯಾವ ದಿಕ್ಕಿನಿಂದ ಬಂತು ಎನ್ನುವುದು ಸ್ಪಷ್ಟವಾಗುತ್ತದೆ.

ಅಷ್ಟು ಗದ್ದಲ ಮುಗಿದ ಮೇಲೆ ವಧು ಹಿಂದಿನ ಬಾಗಿಲು ಸರಿಸುತ್ತಾಳೆ. ಹೊರಗೆ ಹಿಮ ಬೀಳುತ್ತಿರುವ ತೋಟ. ಬಿಳಿ ಕಿಮೋನೊ ಉಟ್ಟ ಓ-ರೆನ್ ಕಾಯುತ್ತಿದ್ದಾಳೆ. ಮೂಲೆಯಲ್ಲಿ ಬಿದಿರಿನ ಕೊಳವೆಯೊಂದು ನೀರು ತುಂಬಿದಾಗ ಬಾಗಿ, ಖಾಲಿಯಾಗಿ, ಹಿಂದಕ್ಕೆ ಬಂದು ಟಕ್ಕೆಂದು ಕಲ್ಲಿಗೆ ಬಡಿಯುತ್ತದೆ. ಜಪಾನೀ ತೋಟಗಳಲ್ಲಿ ಜಿಂಕೆಗಳನ್ನು ಬೆದರಿಸಲು ಇಡುವ ಸಾಧನ ಅದು. ಆ ಟಕ್ ಎಂಬ ಸದ್ದೇ ಈ ದೃಶ್ಯದ ತಾಳ. ಕತ್ತಿಗಳು ತಾಗುತ್ತವೆ, ಬಿಡುತ್ತವೆ, ಇಬ್ಬರೂ ನಿಲ್ಲುತ್ತಾರೆ, ಟಕ್. ಅಷ್ಟು ಹೊತ್ತಿಗೆ ವಧುವಿನ ಬೆನ್ನಿಗೆ ಗಾಯವಾಗಿದೆ, ಓ-ರೆನ್ ಅವಳನ್ನು ಹೀಯಾಳಿಸಿದ್ದಾಳೆ. ಮತ್ತೊಂದು ಸುತ್ತಿನಲ್ಲಿ ತನ್ನ ಕಾಲಿಗೇ ಏಟು ಬಿದ್ದ ಮೇಲೆ ಓ-ರೆನ್ ಆಡಿದ ಮಾತಿಗೆ ಕ್ಷಮೆ ಕೇಳುತ್ತಾಳೆ. ಕೊಲ್ಲಲು ನಿಂತವರು ಪರಸ್ಪರ ಗೌರವ ಕೊಟ್ಟುಕೊಳ್ಳುವ ಆ ಗಳಿಗೆಯಲ್ಲಿ ಸೇಡು ಒಂದು ಹೊರೆ ಎಂದು ಮೊದಲ ಬಾರಿಗೆ ಅನಿಸುತ್ತದೆ. ನಮ್ಮಲ್ಲಿ ಫೈಟ್ ಎಂದರೆ ಹಿನ್ನೆಲೆ ಸಂಗೀತ ಒಂದು ಸೆಕೆಂಡೂ ಬಿಡುವು ಕೊಡಬಾರದು ಎಂಬ ಒತ್ತಾಯ ಇರುತ್ತದೆ. ಹಾಗೆ ಒತ್ತಾಯಿಸುವವರಿಗೆ ನಾನು ಈ ಹಿಮದ ತೋಟವನ್ನು ಹಾಕಿ ತೋರಿಸುತ್ತೇನೆ.

ಮೊದಲ ಭಾಗ ಮುಗಿಯುವುದು ಬಿಲ್‌ನ ಒಂದು ಪ್ರಶ್ನೆಯಲ್ಲಿ: ತನ್ನ ಮಗಳು ಬದುಕಿದ್ದಾಳೆಂದು ಅವಳಿಗೆ ಗೊತ್ತೇ? ಥಿಯೇಟರಿನಲ್ಲಿ ನೋಡಿದವರೆಲ್ಲ ಆರು ತಿಂಗಳು ಈ ಪ್ರಶ್ನೆ ಹೊತ್ತು ತಿರುಗಿದರು. ಎರಡೂ ಭಾಗ ಸೇರಿಸಿದ ‘ದ ಹೋಲ್ ಬ್ಲಡಿ ಅಫೇರ್’ ಎಂಬ ಪ್ರತಿಯನ್ನು ಟ್ಯಾರಂಟಿನೊ ಬಹಳ ಕಾಲ ಕೆಲವೇ ಕಡೆ ತೋರಿಸುತ್ತಿದ್ದರು. 2025ರ ಡಿಸೆಂಬರಿನಲ್ಲಿ ಅದು ಅಮೆರಿಕದ ಥಿಯೇಟರುಗಳಿಗೆ ಬಂತು. ಅದರಲ್ಲಿ ಈ ಪ್ರಶ್ನೆ ಇಲ್ಲ. ಮಗು ಬದುಕಿರುವುದು ತಾಯಿಗೆ ತಿಳಿದಾಗಲೇ ನಮಗೂ ತಿಳಿಯುತ್ತದೆ. ಒಂದೇ ಸಾಲು ತೆಗೆದರೆ ಸಿನಿಮಾ ಎಷ್ಟು ಬದಲಾಗುತ್ತದೆ ನೋಡಿ. ಸಾಲು ಇಲ್ಲದಿದ್ದರೆ ಕೊನೆಯಲ್ಲಿ ಒಂದು ದೊಡ್ಡ ಆಘಾತ. ಸಾಲು ಇದ್ದರೆ ಎರಡನೇ ಭಾಗದ ಉದ್ದಕ್ಕೂ ಅವಳಿಗೆ ಗೊತ್ತಿಲ್ಲದ್ದು ನಮಗೆ ಗೊತ್ತು. ಅವಳು ಇಡುವ ಪ್ರತಿ ಹೆಜ್ಜೆ ಸೇಡಿನತ್ತ ಎಂದು ಅವಳು ತಿಳಿದಿದ್ದಾಳೆ, ಅದು ಮಗಳತ್ತ ಎಂದು ನಾವು ಬಲ್ಲೆವು. ನನ್ನ ಮತ ಎರಡು ಭಾಗದ ಪ್ರತಿಗೇ.

ಎರಡನೇ ಭಾಗದಲ್ಲಿ ಹೊಡೆದಾಟ ಕಡಿಮೆ. ಬಿಲ್‌ನ ತಮ್ಮ ಬಡ್ ಅವಳನ್ನು ಪೆಟ್ಟಿಗೆಯಲ್ಲಿ ಹಾಕಿ ಜೀವಂತ ಹೂಳುತ್ತಾನೆ. ಒಂದೊಂದೇ ಮೊಳೆ ಬೀಳುತ್ತದೆ, ಬೆಳಕಿನ ಗೆರೆಗಳು ಒಂದೊಂದೇ ಆರುತ್ತವೆ, ಮೇಲೆ ಮಣ್ಣು ಬೀಳುವ ಸದ್ದು ಮೊದಲು ಹತ್ತಿರ, ಆಮೇಲೆ ದೂರ. ತೆರೆ ಪೂರಾ ಕತ್ತಲು. ಕಣ್ಣಿಗೆ ಏನೂ ಕೊಡದೆ ಕಿವಿಯಿಂದಲೇ ಉಸಿರು ಕಟ್ಟಿಸುವ ಧೈರ್ಯ ಇದು. ಅಲ್ಲಿಂದ ಕತೆ ಹಿಂದಕ್ಕೆ, ಅವಳು ಪೈ ಮೇಯ ಬಳಿ ಕಲಿಯುತ್ತಿದ್ದ ದಿನಗಳಿಗೆ ಹೋಗುತ್ತದೆ. ಹತ್ತಿರದಲ್ಲೇ ಇರುವ ಹಲಗೆಯನ್ನು ಗುದ್ದಿ ಗುದ್ದಿ ಅವಳ ಬೆರಳ ಗೆಣ್ಣುಗಳು ಒಡೆದು, ಊಟಕ್ಕೆ ಕೂತಾಗ ಕೈಯಲ್ಲಿ ಚಾಪ್‌ಸ್ಟಿಕ್ ನಿಲ್ಲುವುದಿಲ್ಲ. ಗುರು ಕರುಣೆ ತೋರುವುದಿಲ್ಲ. ಆ ನೋವಿನ ಪಾಠ ಮುಗಿಸಿ ಮತ್ತೆ ಪೆಟ್ಟಿಗೆಯೊಳಗೆ ಬಂದಾಗ, ಆ ಮುಷ್ಟಿ ಹಲಗೆ ಒಡೆಯುವುದನ್ನು ನಾವು ನಂಬುತ್ತೇವೆ.

ಕೊನೆಗೆ ಬಿಲ್‌ನ ಮನೆ. ಪಿಸ್ತೂಲು ಹಿಡಿದು ನುಗ್ಗಿದವಳ ಎದುರಿಗೆ ಆಟದ ಪಿಸ್ತೂಲು ಹಿಡಿದ ನಾಲ್ಕು ವರ್ಷದ ಮಗಳು. ತನ್ನನ್ನು ಕೊಂದವನು ತನ್ನ ಮಗಳಿಗೆ ಸ್ಯಾಂಡ್‌ವಿಚ್ ಮಾಡಿಕೊಡುವುದನ್ನು, ಬ್ರೆಡ್ಡಿನ ಅಂಚು ಕತ್ತರಿಸುವುದನ್ನು ಆ ತಾಯಿ ಕೂತು ನೋಡುತ್ತಾಳೆ. ಕ್ಯಾರಡೀನ್ ಇಲ್ಲಿ ಒಳ್ಳೆಯ ತಂದೆಯಾಗಿಯೂ ಕೊಲೆಗಾರನಾಗಿಯೂ ಒಂದೇ ದನಿಯಲ್ಲಿ ಮಾತಾಡುತ್ತಾರೆ. ನಾಲ್ಕು ಗಂಟೆ ಕಾದ ಕಾಳಗ ಕುರ್ಚಿಗಳಲ್ಲಿ ಕೂತೇ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಪೈ ಮೇ ಅವಳಿಗೆ ಮಾತ್ರ ಕಲಿಸಿದ್ದ ಐದು ಬೆರಳಿನ ಏಟು ತಗಲಿದ ಮೇಲೆ ಬಿಲ್ ಬಾಯಿ ಒರೆಸಿಕೊಂಡು, ಎದ್ದು, ಐದು ಹೆಜ್ಜೆ ನಡೆದು ಬೀಳುತ್ತಾನೆ. ಗೆದ್ದವಳು ಅಳುತ್ತಾಳೆ. ದೊಡ್ಡ ಕಾಳಗವನ್ನು ಮೊದಲ ಭಾಗದಲ್ಲೇ ಮುಗಿಸಿಬಿಟ್ಟದ್ದರಿಂದ ಎರಡನೆಯದಕ್ಕೆ ಈ ಸಮಾಧಾನ, ಈ ಅಳು ಸಾಧ್ಯವಾಯಿತು. ಒಂದೇ ಸಿನಿಮಾ ಮಾಡಿ ಎರಡೂವರೆ ಗಂಟೆಗೆ ಇಳಿಸಿದ್ದರೆ ಮೊದಲು ಕತ್ತರಿಗೆ ಸಿಗುತ್ತಿದ್ದದ್ದು ಇಂಥ ನಿಮಿಷಗಳೇ.

ಇದನ್ನೆಲ್ಲ ಕತ್ತರಿಸಿ ಜೋಡಿಸಿದವರು ಸ್ಯಾಲಿ ಮೆಂಕೆ. ಟ್ಯಾರಂಟಿನೊ ಅವರ ಮೊದಲ ಸಿನಿಮಾದಿಂದ 2009ರ ‘ಇನ್‌ಗ್ಲೋರಿಯಸ್ ಬಾಸ್ಟರ್ಡ್ಸ್’ವರೆಗೆ ಎಲ್ಲವನ್ನೂ ಸಂಕಲಿಸಿ, 2010ರಲ್ಲಿ ತೀರಿಕೊಂಡರು. ನಿರ್ದೇಶಕನ ಹೆಸರು ಗೊತ್ತಿರುವ ಪ್ರತಿಯೊಬ್ಬರಿಗೂ ಅವರ ಹೆಸರು ಗೊತ್ತಿರಬೇಕಿತ್ತು.

ಇಷ್ಟು ಮೆಚ್ಚಿದ ಸಿನಿಮಾದ ಬಗ್ಗೆ ಮೆಚ್ಚಲಾಗದ್ದನ್ನೂ ಬರೆಯಬೇಕು. 2018ರ ಫೆಬ್ರವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಸಂದರ್ಶನದಲ್ಲಿ ಉಮಾ ಥರ್ಮನ್ ಎರಡು ವಿಷಯ ಹೇಳಿದರು. ಒಂದು, ಈ ಸಿನಿಮಾದ ಹಿಂದಿದ್ದ ನಿರ್ಮಾಪಕ ಹಾರ್ವೆ ವೈನ್‌ಸ್ಟೀನ್ ಹಿಂದೆ ತಮ್ಮ ಮೇಲೆ ಲೈಂಗಿಕ ದೌರ್ಜನ್ಯಕ್ಕೆ ಯತ್ನಿಸಿದ್ದ ಎಂಬ ಆರೋಪ. ಇನ್ನೊಂದು, ಚಿತ್ರೀಕರಣದ ಕೊನೆಯ ದಿನಗಳಲ್ಲಿ ಮೆಕ್ಸಿಕೊದಲ್ಲಿ ಆದ ಅಪಘಾತ. ಬಿಲ್‌ನ ಮನೆಯತ್ತ ಕಾರು ಓಡಿಸುವ ಶಾಟು. ಆ ಕಾರು ಸರಿಯಿಲ್ಲ ಎಂದು ಅವರ ಕಿವಿಗೆ ಬಿದ್ದಿತ್ತು. ಸ್ಟಂಟ್ ಕಲಾವಿದರು ಓಡಿಸಲಿ ಎಂದು ಕೇಳಿಕೊಂಡಿದ್ದರು. ಕೂದಲು ಹಾರಬೇಕು, ವೇಗ ಬೇಕು ಎಂದು ಒತ್ತಾಯಿಸಿ ಅವರನ್ನೇ ಕೂರಿಸಲಾಯಿತು. ಮರಳು ರಸ್ತೆಯಲ್ಲಿ ಕಾರು ಹಿಡಿತ ತಪ್ಪಿ ಮರಕ್ಕೆ ಬಡಿಯಿತು. ಕುತ್ತಿಗೆಗೂ ಮಂಡಿಗೂ ಆದ ಪೆಟ್ಟು ಅವರನ್ನು ಬಿಡಲೇ ಇಲ್ಲ. ಅಪಘಾತದ ದೃಶ್ಯ ಅವರ ಕೈಗೆ ಸಿಗಲು ಹದಿನೈದು ವರ್ಷ ಬೇಕಾಯಿತು. ಬದುಕಿನ ದೊಡ್ಡ ಪಶ್ಚಾತ್ತಾಪಗಳಲ್ಲಿ ಇದೊಂದು ಎಂದು ಟ್ಯಾರಂಟಿನೊ ಒಪ್ಪಿಕೊಂಡರು. ಥರ್ಮನ್ ಅವರ ಬದಲಿಗೆ ಏಟು ತಿಂದ ನ್ಯೂಜಿಲೆಂಡಿನ ಸ್ಟಂಟ್ ಕಲಾವಿದೆ ಜೋಯಿ ಬೆಲ್ ಕೂಡ ಎರಡನೇ ಭಾಗದ ಒಂದು ಸ್ಟಂಟಿನಲ್ಲಿ ಗಾಯಗೊಂಡವರೇ.

ನಮ್ಮ ಸಂಕಲನದ ಕೋಣೆಗೆ ಬಂದ ಒಬ್ಬ ಫೈಟರ್ ಒಮ್ಮೆ ತೆರೆ ನೋಡುತ್ತ, “ಮೇಡಂ, ಹೊಡ್ತ ತಿನ್ನೋನು ಸರಿಯಾಗಿ ತಿಂದ್ರೆ ತಾನೆ ಹೊಡೆದೋನು ಹೀರೋ ಆಗೋದು” ಎಂದಿದ್ದರು. ಅವರ ಭುಜದಲ್ಲಿ ಸ್ಟೀಲ್ ಪ್ಲೇಟಿತ್ತು. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರೀಕರಣದ ವೇಳೆ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ನಟರಾದ ಅನಿಲ್ ಮತ್ತು ಉದಯ್ ಮುಳುಗಿ ತೀರಿಕೊಂಡದ್ದನ್ನು ಕನ್ನಡ ಚಿತ್ರರಂಗದಲ್ಲಿ ಕೆಲಸ ಮಾಡುವ ಯಾರೂ ಮರೆಯಲಾರರು. ಯಾವ ಶಾಟಿಗೂ ಅಷ್ಟು ಬೆಲೆ ಇಲ್ಲ. ಮೇಜಿನ ಮುಂದೆ ಕೂತವಳಾಗಿ ಹೇಳುತ್ತೇನೆ, ಅಪಾಯವಿಲ್ಲದೆ ತೆಗೆದ ನಾಲ್ಕು ತುಣುಕುಗಳಿಂದ ಅಪಾಯದ ಭಾವನೆ ಕಟ್ಟಲು ಬರುತ್ತದೆ, ನಮ್ಮ ಕಸುಬು ಇರುವುದೇ ಅದಕ್ಕೆ.

ಆಸ್ಕರ್ ಪ್ರಶಸ್ತಿಯಲ್ಲಿ 2027ರ ಸಿನಿಮಾಗಳಿಂದ ಸ್ಟಂಟಿಗೂ ಒಂದು ವಿಭಾಗ ಬರಲಿದೆ. ನಮ್ಮಲ್ಲಿ ‘ಕೆಜಿಎಫ್’ನ ಮೊದಲ ಭಾಗಕ್ಕೆ ಸಾಹಸ ಸಂಯೋಜನೆಯ ರಾಷ್ಟ್ರಪ್ರಶಸ್ತಿ ಬಂದಿದೆ. ಪ್ರಶಸ್ತಿ ಒಳ್ಳೆಯದೇ, ಅದರ ಜೊತೆಗೆ ಸೆಟ್ಟಿನಲ್ಲಿ ಆಂಬುಲೆನ್ಸ್ ಇರಲಿ, ವಿಮೆ ಇರಲಿ, ಆಗುವುದಿಲ್ಲ ಎಂದವರ ಮಾತಿಗೆ ಬೆಲೆ ಇರಲಿ. ನಿರ್ಮಾಪಕರಲ್ಲಿ ನನ್ನ ಕೋರಿಕೆ ಇಷ್ಟು. ಓದುಗರಲ್ಲಿ ಇನ್ನೊಂದಿದೆ: ‘ಕಿಲ್ ಬಿಲ್’ ನೋಡಿ, ಮೊದಲು ಒಂದನೇ ಭಾಗ, ಕೆಲವು ದಿನ ಬಿಟ್ಟು ಎರಡನೆಯದು, ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಬೇಡಿ, ಕೊನೆಯಲ್ಲಿ ಹೆಸರುಗಳು ಬರುವಾಗ ಎದ್ದು ಹೋಗದೆ ಸ್ಟಂಟ್ ಕಲಾವಿದರ ಹೆಸರುಗಳನ್ನು ಓದಿ.